ಕಡ್ಲೆಕಾಯಿ ಸೀಮೆಯ ಅಂಬುಜತ್ತಿಗೆ

ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನಮ್ಮ ಅಂಬುಜತ್ತಿಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಬಡಿಸುವವರು ಎಷ್ಟೇ ಅವಸರದಲ್ಲಿರಲಿ, ಹಿಂದೆ ಪಲ್ಯದವನು, ಸಾರಿನವನು ಸಾಲುಗಟ್ಟಿ ನಿಂತಿರಲಿ, ಆ ಕೈ ಸರಿಯುತ್ತಿರಲಿಲ್ಲ. "ಇದ್ರಾಗೆ ಕಳ್ಳೆಬೀಜ ಬಿದ್ದೈತಾ?" ಎಂದು ಕೇಳುವಳು. ಗೊತ್ತಿಲ್ಲ ಎಂದರೆ, "ಗೊತ್ತಿರೋರ್ನ ಕೇಳ್ಕಂಡು ಬಾರಪ್ಪ, ನಾನು ಕುಂತಿರ್ತೀನಿ" ಎನ್ನುವಳು. ದನಿ ಏರುತ್ತಿರಲಿಲ್ಲ. ಮುಖದಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ. ಅಡುಗೆಯವರು ಒಳಗಿನಿಂದ ಬಂದು ಹೇಳುವವರೆಗೆ ಅಕ್ಕಪಕ್ಕದವರು ಅವಳನ್ನು ನೋಡುವರು, ಅವಳು ಎದುರಿನ ಗೋಡೆ ನೋಡುವಳು.

ತೆಲುಗು ಸೀಮೆಗೆ ಸೇರಿದ ನಮ್ಮೂರು ಕಲ್ಯಾಣದುರ್ಗದಲ್ಲಿ ಹಾಗೆ ಕೇಳುವುದೆಂದರೆ ಅಡುಗೆಗೆ ನೀರು ಹಾಕಿದ್ದೀರಾ ಎಂದು ಕೇಳಿದ ಹಾಗೆ. ನಮ್ಮಲ್ಲಿ ಬೆಳಗಿನ ಮಂಡಕ್ಕಿ ಉಗ್ಗಾನಿಯ ಪಕ್ಕದಲ್ಲಿ ಬೀಜದ ಚಟ್ನಿ, ಮುದ್ದೆಗೆ ಬೀಜದ ಗಟ್ಟಿ ಚಟ್ನಿ, ಬದನೆಕಾಯಿಯ ಹೊಟ್ಟೆಯೊಳಗೆ ಬೀಜದ ಪುಡಿ, ಒಗ್ಗರಣೆಗೆ ಅದರದೇ ಎಣ್ಣೆ. ದನಕ್ಕೆ ಅದರ ಬಳ್ಳಿ, ಎಮ್ಮೆಗೆ ಅದರ ಹಿಂಡಿ, ಒಲೆಗೆ ಅದರ ಸಿಪ್ಪೆ. ಹಲ್ಲು ಬರುವ ಮಗುವಿನ ನಾಲಿಗೆಗೆ ಬೇಯಿಸಿದ ಬೀಜವನ್ನು ಬೆರಳಲ್ಲಿ ನುರಿದು ಹಚ್ಚುವುದು ಅಜ್ಜಿಯರ ಕೆಲಸ. ಅಂಥ ಊರಿಗೆ, ಅದರಲ್ಲೂ ಕಾಯಿ ಸುಲಿಯುವ ಮಿಲ್ಲಿನಲ್ಲಿ ದುಡಿಯುವವನ ಮನೆಗೆ, ಒಂದು ಬೀಜ ಬಾಯಿಗೆ ಬಿದ್ದರೆ ಉಸಿರು ಕಟ್ಟುವ ಹುಡುಗಿ ಸೊಸೆಯಾಗಿ ಬಂದಳು.

ಅದು ಎಪ್ಪತ್ತರ ದಶಕದ ನಡುಭಾಗ. ನಮ್ಮದು ನೇಕಾರರ ಮನೆ. ಅಪ್ಪ ಇರುವಾಗಲೇ ಮಗ್ಗ ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಶಂಕರ ಮಿಲ್ಲು ಸೇರಿ, ಅಮ್ಮನನ್ನೂ ನನ್ನನ್ನೂ ಸಾಕುತ್ತಿದ್ದ. ಅಂಬುಜಳ ತವರು ಹಿಂದೂಪುರ. ಅಲ್ಲಿನ ಮಗ್ಗದ ಕೇರಿಯಲ್ಲಿ ಅವಳ ತಂದೆ ಇನ್ನೂ ಸೀರೆ ನೇಯುತ್ತಿದ್ದರು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಹಾಗಾಗಿ ಅತ್ತಿಗೆ ಎನ್ನುತ್ತಿದ್ದರೂ ನಾನು ಅವಳನ್ನು ಬಹುವಚನದಲ್ಲಿ ಕರೆದವಳಲ್ಲ.

ಹೆಣ್ಣು ನೋಡಲು ಹೋದಾಗ ಅವರ ಮನೆಯವರು ಈ ವಿಷಯ ಎತ್ತಲಿಲ್ಲ. ಅದೊಂದು ದೋಷವೆಂದು ನಾವು ಹಿಂದೆ ಸರಿದೇವು ಎಂಬ ಹೆದರಿಕೆ ಅವರಿಗೆ. ಅವರ ಮನೆಯಲ್ಲಿ ಅದು ದೊಡ್ಡ ಸಂಗತಿಯಾಗಿಯೂ ಇರಲಿಲ್ಲ. ಚಿಕ್ಕಂದಿನಲ್ಲಿ ಎರಡು ಸಲ ಮುಖ ಊದಿ ಸಾಯುವಂತಾದ ಮೇಲೆ ಅವಳ ತಾಯಿ ಬೀಜವನ್ನು ಮನೆಯೊಳಗೇ ತರದೆ, ಕುಸುಬೆ ಎಣ್ಣೆಯಲ್ಲಿ ಅಡುಗೆ ಮಾಡುತ್ತ, ಚಟ್ನಿಗೆ ಕೊಬ್ಬರಿ, ಹುರಿಗಡಲೆ ಹಾಕುತ್ತ ಮಗಳನ್ನು ಬೆಳೆಸಿದ್ದರು.

ಬಂದ ಮರುದಿನವೇ ಅತ್ತಿಗೆ ತಾನಾಗಿ ಅಮ್ಮನಿಗೆ ಹೇಳಿದಳು. ಅಮ್ಮ ಒಲೆಯ ಮುಂದೆ ಕೂತು ಬೀಜ ಹುರಿಯುತ್ತಿದ್ದಳು. ಅತ್ತಿಗೆ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದು, ತನಗೆ ಅದು ಆಗುವುದಿಲ್ಲ, ತಿಂದರೆ ಜೀವಕ್ಕೆ ಬರುತ್ತದೆ ಎಂದಳು. ಅಮ್ಮ ಹುರಿಯುವುದನ್ನು ನಿಲ್ಲಿಸದೆ, ಪಿತ್ತ ಆಗುತ್ತದೇನೋ, ಮೇಲೆ ಒಂದು ಚೂರು ಬೆಲ್ಲ ತಿನ್ನು ಎಂದಳು. ಅಮ್ಮ ಕೆಟ್ಟವಳಲ್ಲ. ಹುಟ್ಟಿದಾಗಿನಿಂದ ಎಲ್ಲರೂ ಉಣ್ಣುವುದನ್ನು ಕಂಡಿದ್ದ ವಸ್ತುವೊಂದು ಒಬ್ಬರನ್ನು ಕೊಲ್ಲಬಹುದು ಎಂದರೆ ಆಕೆಯ ತಲೆಯೊಳಗೆ ಇಳಿಯಲು ಜಾಗವೇ ಇರಲಿಲ್ಲ. ನನಗೂ ಇರಲಿಲ್ಲ. ಹಿಂದೂಪುರದ ಪೇಟೆಯವಳು, ನಮ್ಮ ಮನೆಯ ಊಟ ಹಿಡಿಸಿಲ್ಲ ಎಂದುಕೊಂಡೆವು. ಅವಳು ತವರಿನಿಂದ ತಂದ ಕುಸುಬೆ ಎಣ್ಣೆಯಲ್ಲಿ ತನ್ನಷ್ಟಕ್ಕೆ ಬೇರೆ ಬೇಯಿಸಿಕೊಳ್ಳುತ್ತಿದ್ದಳು.

ಆಮೇಲೆ ಇನ್ನೊಂದು ಶುರುವಾಯಿತು. ಸಂಜೆ ಅಣ್ಣ ಮಿಲ್ಲಿನಿಂದ ಬರುತ್ತಿದ್ದದ್ದೇ ಧೂಳಿನ ಗೊಂಬೆಯ ಹಾಗೆ. ಬೀಜದ ಕೆಂಪು ಸಿಪ್ಪೆ ಅವನ ತಲೆಗೂದಲಲ್ಲಿ, ಕಾಲರಿನಲ್ಲಿ, ಹುಬ್ಬಿನ ಮೇಲೆ ಅಂಟಿರುತ್ತಿತ್ತು. ಅವನು ಹತ್ತಿರ ಬಂದು ಕೂತರೆ ಅತ್ತಿಗೆಯ ಕತ್ತು, ಕೈ ಮೇಲೆ ದದ್ದು ಏಳುತ್ತಿದ್ದವು. ಕಣ್ಣಲ್ಲಿ ನೀರು, ಸಾಲು ಸೀನು. ಹೊಸ ಮದುವಣಗಿತ್ತಿ ಗಂಡನನ್ನು ಕಂಡರೆ ದೂರ ಸರಿಯುತ್ತಾಳೆ ಎಂದು ಕೇರಿಯ ಹೆಂಗಸರು ನಲ್ಲಿಯ ಹತ್ತಿರ ಮಾತಾಡಿಕೊಂಡರು. ಅಣ್ಣ ಮಿತಮಾತಿನವನು. ಅವನ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಸಂಜೆ ಅತ್ತಿಗೆಯೇ ಹಿತ್ತಲಿನಲ್ಲಿ ಎರಡು ಕೊಡ ಬಿಸಿನೀರು, ಒಗೆದ ಪಂಚೆ, ಬನೀನು ಇಟ್ಟುಕೊಂಡು ಕಾದಳು. ಅವನು ಹಿತ್ತಲ ಬಾಗಿಲಿಂದಲೇ ಬಂದು, ಅಲ್ಲೇ ಸ್ನಾನ ಮಾಡಿ, ಮಿಲ್ಲಿನ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದ. ಅವತ್ತು ಅತ್ತಿಗೆ ಸೀನಲಿಲ್ಲ. ಅಣ್ಣ ಅದನ್ನು ಗಮನಿಸಿದ. ನಮ್ಮ ಮನೆಯಲ್ಲಿ ಅವಳ ಮಾತನ್ನು ಮೊದಲು ನಂಬಿದವನು ಅವನು.

ಆ ವರ್ಷದ ಗೌರಿಹಬ್ಬದ ಮಧ್ಯಾಹ್ನ ಅಮ್ಮ ಎಣ್ಣೆಗಾಯಿ ಮಾಡಿದ್ದಳು. ಅತ್ತಿಗೆ ಎಂದಿನಂತೆ ಕೇಳಿದಳು. ಅಮ್ಮ, ಬರೀ ಎಳ್ಳು, ಕೊಬ್ಬರಿ, ನಿನ್ನ ಎಣ್ಣೆಯಲ್ಲೇ ಮಾಡಿದ್ದು, ಧೈರ್ಯವಾಗಿ ತಿನ್ನು ಎಂದಳು. ಅತ್ತಿಗೆ ಒಂದು ತುತ್ತು ಬಾಯಿಗಿಟ್ಟು ತಟ್ಟನೆ ತಡೆದಳು. ಅಗಿಯಲಿಲ್ಲ, ನುಂಗಲಿಲ್ಲ. ಎದ್ದು ಬಚ್ಚಲಿಗೆ ಓಡಿ ಉಗುಳಿ ಬಾಯಿ ಮುಕ್ಕಳಿಸಿದಳು. ನಾನು ಹಿಂದೆ ಹೋದೆ. ಅವಳ ತುಟಿ ನನ್ನ ಕಣ್ಣೆದುರಿಗೇ ದಪ್ಪಗಾಗುತ್ತಿತ್ತು. ಕಣ್ಣ ರೆಪ್ಪೆ ಊದಿ ಮುಚ್ಚಿಕೊಂಡಿತು. ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನನ್ನ ಕೈ ಹಿಡಿದುಕೊಂಡಿದ್ದಳು. ಆ ಹಿಡಿತ ಸಡಿಲವಾದಾಗ ನಾನು ಕೂಗಿಕೊಂಡೆ.

ಬೀದಿಯವರು ಸೇರಿದರು. ಹಬ್ಬದ ಸೀರೆಯಲ್ಲಿ ದಿಷ್ಟಿ ತಗಲಿದೆ ಎಂದರು ಒಬ್ಬರು, ಹಾವೇನಾದರೂ ಸೋಕಿತೇ ಎಂದರು ಇನ್ನೊಬ್ಬರು. ಅಣ್ಣ ಯಾರ ಮಾತನ್ನೂ ಕೇಳದೆ ಅವಳನ್ನು ಎತ್ತಿಕೊಂಡು ಓಡಿದ. ಬ್ರಹ್ಮಸಮುದ್ರದ ಕಡೆಗೆ ಹೊರಟು ನಿಂತಿದ್ದ ಜೀಪಿನವನು ಕೂತಿದ್ದವರನ್ನು ಇಳಿಸಿ ಆಸ್ಪತ್ರೆಗೆ ಬಿಟ್ಟ. ಡಾಕ್ಟರು ಏನು ಎತ್ತ ಎಂದು ಕೇಳುವ ಮೊದಲೇ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಆ ಸಿಳ್ಳೆ ನಿಂತಿತು. ಆಮೇಲೆ ಅವರು, ಏನು ತಿಂದೆಯಮ್ಮ ಎಂದು ಕೇಳಿದರು. ಅತ್ತಿಗೆ ಮಂಚದ ಕಾಲ ಬಳಿ ನಿಂತಿದ್ದ ಅಮ್ಮನನ್ನು ಒಂದು ಸಲ ನೋಡಿ, "ಏನೋ ಹೊಂದ್ಲಿಲ್ಲ ಸಾರ್, ನಂಗೆ ಗೊತ್ತಾಗ್ಲಿಲ್ಲ" ಎಂದಳು. ಡಾಕ್ಟರು ಯಾವುದೋ ಹುಳ ಕಚ್ಚಿರಬೇಕು ಎಂದು ಹೇಳಿ ಮನೆಗೆ ಕಳಿಸಿದರು.

ಅದಾದ ಮೇಲೆ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿ ಹೋದವಳು, ಕಂಬದೂರಿನ ಕಲ್ಲು ಕೆತ್ತುವವರ ಹತ್ತಿರ ಹೊಸ ಒರಳುಕಲ್ಲು ಕೊಂಡು, ಗಾಡಿಯ ಮೇಲೆ ಹಾಕಿಸಿಕೊಂಡು ಬಂದಳು. ಅದನ್ನು ನಡುಮನೆಯಲ್ಲಿ ಹೂಳಿಸಿ, ಇದರಲ್ಲಿ ಬೀಜ ಬೀಳಬಾರದು ಎಂದು ನನಗೆ ಎಚ್ಚರಿಕೆ ಕೊಟ್ಟಳು. ಕಾರಣ ಹೇಳಲಿಲ್ಲ. ಅತ್ತಿಗೆಯೂ ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಒರಳು, ಎರಡು ಬಾಣಲೆ, ಎರಡು ಎಣ್ಣೆ ಡಬ್ಬಿ.

ಆದರೆ ಊರಿಗೆ ಎರಡು ಗಾಳಿ ತರಲು ಆಗುವುದಿಲ್ಲವಲ್ಲ. ಬೆಳೆ ಕಿತ್ತು ಕಣ ಮಾಡುವ ಕಾಲ ಬಂದರೆ ಹೊಲದಿಂದ, ಅಂಗಳದಿಂದ, ಮಿಲ್ಲಿನ ಸಿಪ್ಪೆಯ ರಾಶಿಯಿಂದ ಅದೇ ಧೂಳು ಏಳುತ್ತಿತ್ತು. ಅತ್ತಿಗೆ ಕೆಮ್ಮಿ ಕೆಮ್ಮಿ ಸೋಲುತ್ತಿದ್ದಳು. ಆ ಮೂರು ನಾಲ್ಕು ತಿಂಗಳು ಅವಳು ಹಿಂದೂಪುರಕ್ಕೆ ಹೋಗುವುದು ಎಂದಾಯಿತು. ಮೊದಲ ವರ್ಷ ನೆಂಟರು ಸುಮ್ಮನಿದ್ದರು. ಎರಡನೆಯ ವರ್ಷ ಬ್ರಹ್ಮಸಮುದ್ರದಿಂದ ನಮ್ಮ ದೊಡ್ಡಮ್ಮ ಬಂದು ಪಡಸಾಲೆಯಲ್ಲಿ ಕೂತಳು. ಮಕ್ಕಳಾಗಿಲ್ಲ, ವರ್ಷದಲ್ಲಿ ಅರ್ಧ ತವರಿನಲ್ಲಿ ಇರುತ್ತಾಳೆ, ಇದೆಂಥ ಸಂಸಾರ, ನನ್ನ ನಾದಿನಿಯ ಮಗಳಿದ್ದಾಳೆ, ಇವಳನ್ನು ಅಲ್ಲೇ ಬಿಡಿ ಎಂದಳು. ಅಣ್ಣ ಎದ್ದು ಹೊರಗೆ ಹೋದ. ಅಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಅಕ್ಕಾ, ಅವತ್ತು ಎಣ್ಣೆಗಾಯಿಗೆ ಬೀಜದ ಪುಡಿ ಕಲಸಿದ್ದು ನಾನು. ಇಲ್ಲ ಅಂತ ಸುಳ್ಳು ಹೇಳಿ ತಿನ್ನಿಸ್ದೆ. ಇವಳ ಬಿಂಕ ಬಿಡಿಸಾನ ಅಂತ" ಎಂದಳು ಅಮ್ಮ. "ಬಾಯಿಗಿಟ್ಟ ತಕ್ಷಣ ಅವಳಿಗೆ ಗೊತ್ತಾಗೈತೆ. ಡಾಕ್ಟ್ರು ಕೇಳಿದ್ರು, ಹೇಳ್ಲಿಲ್ಲ. ಗಂಡಂಗೆ ಹೇಳ್ಲಿಲ್ಲ, ತವರಿನೋರ್ಗೂ ಹೇಳ್ಲಿಲ್ಲ. ಇವತ್ತಿನವರೆಗೂ ನನ್ನ ಮುಖ ನೋಡಿ ಒಂದು ಮಾತು ಆಡ್ಲಿಲ್ಲ. ಅಂಥೋಳ್ನ ಬಿಟ್ಟು ನಾನು ಇನ್ಯಾರ್ನ ತರ್ಲಿ?"

ದೊಡ್ಡಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಅಮ್ಮ ಆ ಸಂಜೆ ಅಣ್ಣನನ್ನು ಕರೆದು, ಮಿಲ್ಲು ಬಿಡು, ಹಿಂದೂಪುರಕ್ಕೆ ಹೋಗಿ ಮಾವನ ಮಗ್ಗದಲ್ಲಿ ಕೂತುಕೋ ಎಂದಳು. ಮಾವನ ಮನೆ ಸೇರಿದ ಅಳಿಯ ಎಂದು ಆಡಿಕೊಳ್ಳುತ್ತಾರೆ ಎಂದು ಅಣ್ಣ ಅಳುಕಿದ. ಆಡಿಕೊಳ್ಳುವವರು ಅವಳ ಗಂಟಲಿಗೆ ಉಸಿರು ತುಂಬುತ್ತಾರಾ ಎಂದು ಅಮ್ಮ ಕೇಳಿದಳು. ಮುಂದಿನ ತಿಂಗಳೇ ಅವನು ಹೊರಟ. ಅಮ್ಮ, ನಾನು ಅವನು ಕಳಿಸುವ ದುಡ್ಡಿನಲ್ಲಿ ಕಲ್ಯಾಣದುರ್ಗದಲ್ಲೇ ಉಳಿದೆವು. ಅಪ್ಪನ ಕೈಯಿಂದ ಚಿಕ್ಕಂದಿನಲ್ಲಿ ಕಲಿತದ್ದು ಮರೆತಿರಲಿಲ್ಲ. ಮಗ್ಗದ ಲಾಳಿ ಅವನ ಕೈಗೆ ಬೇಗನೆ ಒಗ್ಗಿತು. ಅಲ್ಲಿ ಅವರಿಗೆ ಒಬ್ಬಳು ಮಗಳು ಹುಟ್ಟಿದಳು. ಆ ಮಗು ಹಲ್ಲು ಬಂದ ಮೇಲೆ ಪಕ್ಕದ ಮನೆಯಲ್ಲಿ ಯಾರೋ ಕೊಟ್ಟ ಬೀಜ ತಿಂದು ನಗುತ್ತ ಬಂದಾಗ ಅತ್ತಿಗೆ ಗಾಬರಿಯಿಂದ ಇಡೀ ಸಂಜೆ ಅದರ ಉಸಿರನ್ನೇ ಕೇಳುತ್ತ ಕೂತಿದ್ದಳಂತೆ. ಏನೂ ಆಗಲಿಲ್ಲ. "ಇದು ನಿಮ್ಮ ಕಲ್ಯಾಣದುರ್ಗದ ಪಾಪ ಕಣೇ, ನಮ್ಮ ಪೈಕಿ ಅಲ್ಲ" ಎಂದು ನನಗೆ ಹೇಳಿ ನಕ್ಕಳು.

ನಮ್ಮ ಪೈಕಿ ಎಂದರೆ ಯಾರು? ಅವಳ ಪೈಕಿ ಅವಳೊಬ್ಬಳೇ. ತವರಿನಲ್ಲಿ, ಗಂಡನ ಕಡೆ, ಎರಡೂ ಊರುಗಳ ಎಲ್ಲ ನೆಂಟರಲ್ಲಿ ಇಂಥ ಇನ್ನೊಬ್ಬರನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಹಿಂದಿನ ಜನ್ಮದಲ್ಲಿ ಯಾರದೋ ಬೆಳೆದ ಹೊಲಕ್ಕೆ ಬೆಂಕಿ ಇಟ್ಟಿದ್ದೆನೇನೋ ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ತಮಾಷೆಗೆ ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹಿಂದೂಪುರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಆ ಕಾಲಕ್ಕೆ ಒಬ್ಬ ವಯಸ್ಸಾದ ಡಾಕ್ಟರಮ್ಮ ಊರಿಗೆ ಬಂದು ಸಣ್ಣ ದವಾಖಾನೆ ತೆರೆದರು. ಮೂಲ ನಮ್ಮ ಸೀಮೆಯವರೇ. ಬಹಳ ವರ್ಷ ಇಂಗ್ಲೆಂಡಿನಲ್ಲಿ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವರು. ಕನ್ನಡಕ್ಕೆ ತೆಲುಗು ಬೆರೆಸಿ, ಒಬ್ಬೊಬ್ಬ ರೋಗಿಗೂ ಬೇಕಾದಷ್ಟು ಹೊತ್ತು ಕೊಟ್ಟು ಮಾತಾಡುತ್ತಿದ್ದರು. ಅತ್ತಿಗೆಗೆ ಮಂಡಿ ನೋವು ಬಂದಾಗ ನಾನು ಅಲ್ಲಿಗೆ ಕರೆದುಕೊಂಡು ಹೋದೆ. ಮಾತ್ರೆ ಬರೆಯುವ ಮೊದಲು ಏನಾದರೂ ಒಗ್ಗದ್ದು ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ಅತ್ತಿಗೆ ರೂಢಿಯಂತೆ ತನ್ನ ಕಥೆ ಹೇಳಿದಳು. ಹೇಳುವಾಗ ಅವರ ಮುಖವನ್ನೇ ನೋಡುತ್ತಿದ್ದಳು. ಈ ಮಾತಿಗೆ ಜನರ ಮುಖದಲ್ಲಿ ಏನು ಮೂಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಡಾಕ್ಟರಮ್ಮನ ಮುಖದಲ್ಲಿ ಅದು ಮೂಡಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ಅಲ್ಲಿ ಇಂಥ ಮಕ್ಕಳನ್ನ ಎಷ್ಟೋ ನೋಡಿದೀನಮ್ಮ. ಇಲ್ಲಿಗೆ ಬಂದ ಮೇಲೆ ನೀನೇ ಮೊದಲನೇವಳು" ಎಂದರು.

ಅತ್ತಿಗೆಗೆ ಅರ್ಥವಾಗಲಿಲ್ಲ. "ಎಲ್ಲಿ?" ಎಂದಳು.

ಇಂಗ್ಲೆಂಡಿನಲ್ಲಿ, ಎಂದು ಅವರು ವಿವರಿಸಿದರು. ಬಿಸ್ಕತ್ತಿನಲ್ಲಿ, ಕೇಕಿನಲ್ಲಿ ಒಂದು ಚೂರು ಬೀಜವಿದ್ದರೂ ಆ ಮಕ್ಕಳ ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ತಾಯಂದಿರು ಶಾಲೆಗೆ ಹೋಗಿ ಮೊದಲೇ ಹೇಳಿ ಬರುತ್ತಾರೆ. ವರ್ಷದಿಂದ ವರ್ಷಕ್ಕೆ ಅಂಥ ಮಕ್ಕಳು ಹೆಚ್ಚಾಗುತ್ತಿರುವಂತೆ ಅವರಿಗೆ ಕಂಡಿತ್ತು. ಒಂದೊಂದು ದೇಶದಲ್ಲಿ ಒಂದೊಂದು, ಎಂದರು. ಜಪಾನಿನಲ್ಲಿ ಒಂದು ಜಾತಿಯ ಧಾನ್ಯದ ಶಾವಿಗೆ ಕೆಲವರಿಗೆ ಆಗುವುದಿಲ್ಲ. ಉತ್ತರದ ಚಳಿ ದೇಶಗಳಲ್ಲಿ ಮೀನು ಆಗದವರಿದ್ದಾರೆ.

ಅತ್ತಿಗೆ ಕೇಳಿದಳು: "ಅಲ್ಲಿ ಹೊಲ್ದಾಗೆ ಕಳ್ಳೆಕಾಯಿ ಬೆಳೀತಾರಾ ಅಮ್ಮ?"

"ಇಲ್ಲ. ಅಲ್ಲಿ ಚಳಿ. ಬೆಳೆಯೋಲ್ಲ. ಹೊರಗಿಂದ ಬರುತ್ತೆ."

"ನಮ್ಮಲ್ಲಿ ನೆಲ ಅಗದ್ರೆ ಕಾಯಿ, ಆಗ್ದೋಳು ನಾನೊಬ್ಳು. ಅವ್ರ ನೆಲ್ದಾಗೆ ಕಾಯೇ ಇಲ್ಲ, ಆಗ್ದೋರು ಅಷ್ಟೊಂದು ಜನ. ಇದ್ಯಾಕೆ ಹಿಂಗೆ?"

ಡಾಕ್ಟರಮ್ಮ ನಕ್ಕರು. ತನಗೂ ಗೊತ್ತಿಲ್ಲ, ಅಲ್ಲಿನ ದೊಡ್ಡ ಡಾಕ್ಟರುಗಳಿಗೂ ಗೊತ್ತಿಲ್ಲ ಎಂದರು. ಇಲ್ಲಿನವರು ಎಳೆಯ ಮಗುವಿನಿಂದಲೇ ತಿನ್ನುವುದರಿಂದ ಮೈಗೆ ರೂಢಿಯಾಗುತ್ತದೋ, ನಾವು ಬೇಯಿಸಿಯೂ ತಿನ್ನುವುದು, ಅವರು ಬರೀ ಹುರಿದದ್ದು ತಿನ್ನುವುದು ಕಾರಣವೋ, ನಮ್ಮ ಮಕ್ಕಳು ಮಣ್ಣಿನಲ್ಲಿ, ದನಕರುಗಳ ನಡುವೆ ಬೆಳೆಯುವುದೋ, ಒಬ್ಬೊಬ್ಬರು ಒಂದೊಂದು ಊಹೆ ಮಾಡುತ್ತಾರೆ. ಅತ್ತಿಗೆ ತಲೆಯಾಡಿಸಿದಳು. ತಾನೂ ಮಣ್ಣಿನಲ್ಲೇ ಆಡಿ ಬೆಳೆದವಳಲ್ಲವೇ ಎಂದಳು. ಹೌದು, ಅದಕ್ಕೇ ಗೊತ್ತಿಲ್ಲ ಎಂದದ್ದು ಎಂದರು ಅವರು. ಕೊನೆಗೆ ಒಂದು ಸೂಜಿಮದ್ದಿನ ಹೆಸರು ಬರೆದುಕೊಟ್ಟು, ಮತ್ತೆ ಹಾಗಾದರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ಕೊಡಲು ಹೇಳು, ತಡ ಮಾಡಬೇಡ ಎಂದು ಎರಡು ಸಲ ಹೇಳಿದರು.

ದವಾಖಾನೆಯಿಂದ ಬರುವಾಗ ಅತ್ತಿಗೆ ಮಂಡಿ ನೋವು ಮರೆತವಳಂತೆ ನಡೆದಳು. ಬಜಾರಿನಲ್ಲಿ ಹೂವು ಕೊಂಡು ನನಗೂ ಮುಡಿಸಿದಳು. ಮರುದಿನ ನನ್ನ ಶಾಲೆಯ ಅಟ್ಲಾಸನ್ನು ತರಲು ಹೇಳಿ, ಇಂಗ್ಲೆಂಡು ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಅದು ಇಷ್ಟು ಚಿಕ್ಕದೇ ಎಂದು ಆಶ್ಚರ್ಯಪಟ್ಟಳು. ಆಮೇಲೆ ಆ ಮಕ್ಕಳ ಬಗ್ಗೆ ಆಗಾಗ ಕೇಳುತ್ತಿದ್ದಳು, ನನಗೇನೋ ಅವರ ಸುದ್ದಿ ಬರುತ್ತದೆ ಎನ್ನುವ ಹಾಗೆ. "ಮನೇಲಿ ತಾಯಿ ನೋಡ್ಕಂತಾಳೆ. ಹೊರಗೆ ಉಣ್ಣಾಕೆ ಕುಂತಾಗ ಕೇಳಾಕೆ ನಾಚ್ಕೆ ಆಯ್ತದೆ ಕಣೇ. ಯಾರಾದ್ರೂ ಹೇಳ್ಕೊಡ್ಬೇಕು, ನಾಚ್ಕೋಬ್ಯಾಡಿ ಅಂತ" ಎಂದಳು ಒಂದು ದಿನ. ಪಂಕ್ತಿಯಲ್ಲಿ ಅಷ್ಟು ಧೈರ್ಯವಾಗಿ ಕೇಳುತ್ತಿದ್ದವಳಿಗೆ ಅದು ಎಷ್ಟು ಕಷ್ಟವಾಗಿತ್ತು ಎಂದು ನನಗೆ ತಿಳಿದದ್ದು ಆಗ.

ಅದಾಗಿ ಕೆಲವು ವರ್ಷಗಳ ಮೇಲೆ ಕಂಬದೂರಿನ ಹತ್ತಿರ ನೆಂಟರ ಮದುವೆ. ನಾನು ಆ ವೇಳೆಗೆ ವರ್ಗವಾಗಿ ಕಲ್ಯಾಣದುರ್ಗಕ್ಕೆ ಮರಳಿದ್ದೆ, ಅಮ್ಮ ನನ್ನ ಮನೆಯಲ್ಲಿದ್ದಳು. ಅತ್ತಿಗೆ ಹಿಂದೂಪುರದಿಂದ ಬಂದು ನನ್ನ ಜೊತೆ ಮದುವೆಗೆ ಹೊರಟಳು. ಮಧ್ಯಾಹ್ನ ಊಟ ಮುಗಿದು ಹೆಂಗಸರು ಚಪ್ಪರದ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಒಂದು ಮೂಲೆಯಲ್ಲಿ ಗದ್ದಲವಾಯಿತು. ಕುರಿ ಕಾಯುವವರ ಮನೆಯ ಒಂದು ಹೆಣ್ಣುಮಗು, ಆಗಷ್ಟೇ ನಡೆಯಲು ಕಲಿತದ್ದು, ಕೆಮ್ಮುತ್ತ ತಾಯಿಯ ಹೆಗಲ ಮೇಲೆ ಜೋತುಬಿದ್ದಿತ್ತು. ಮುಖದ ತುಂಬ ದದ್ದು. ಯಾರೋ ಒಣಮೆಣಸಿನಕಾಯಿ, ಉಪ್ಪು ತಂದು ದಿಷ್ಟಿ ತೆಗೆಯಲು ನಿಂತಿದ್ದರು.

ಅತ್ತಿಗೆ ಜನರನ್ನು ಸರಿಸಿಕೊಂಡು ಹೋಗಿ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ತುಟಿ ನೋಡಿದಳು. ಎದೆಗೆ ಕಿವಿ ಇಟ್ಟಳು.

"ಮಗಾ ಏನು ತಿಂತು?"

"ಏನೂ ಇಲ್ಲಮ್ಮ, ಒಂದು ಎಳ್ಳುಂಡೆ ಕೊಟ್ಟಿದ್ದೆ" ಎಂದಳು ತಾಯಿ.

"ದಿಷ್ಟಿ ಆಮ್ಯಾಕೆ ತೆಗೀರಿ. ಈಗ ಜೀಪು ಹತ್ರಿ. ನಾನೂ ಬತ್ತೀನಿ."

ಯಾರೋ ಹಿರಿಯರು, ಎಳ್ಳು ದೇವರಿಗೆ ಇಡುವ ವಸ್ತು, ಅದರಿಂದ ಹೇಗೆ ಎಂದು ತಡೆದರು. ಅತ್ತಿಗೆ ಅವರಿಗೆ ಉತ್ತರ ಕೊಡುತ್ತ ನಿಲ್ಲಲಿಲ್ಲ. ಮದುವೆ ದಿಬ್ಬಣದ ಜೀಪಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಕಲ್ಯಾಣದುರ್ಗದವರೆಗೂ ಅದರ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದಳು. ಉಸಿರು ಹೇಗೆ ನಿಲ್ಲುತ್ತ ಬರುತ್ತದೆ, ಆಗ ಎಷ್ಟು ಹೆದರಿಕೆಯಾಗುತ್ತದೆ ಎಂಬುದನ್ನು ಆ ಜೀಪಿನಲ್ಲಿ ಬಲ್ಲವರು ಅವಳು ಮತ್ತು ಆ ಮಗು, ಇಬ್ಬರೇ. ಆಸ್ಪತ್ರೆಯಲ್ಲಿದ್ದ ಹೊಸ ಡಾಕ್ಟರು ಸೂಜಿಮದ್ದಿನ ಹೆಸರು ಅವಳ ಬಾಯಿಂದ ಬರುವಷ್ಟರಲ್ಲಿ ಅದನ್ನೇ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ಮಗು ಉಳಿಯಿತು. ಸಂಜೆಗೆ ಅದು ಅತ್ತಿಗೆಯ ಬಳೆ ಎಳೆದಾಡುತ್ತಿತ್ತು.

ಆಗ ಮಗುವಿನ ಅಜ್ಜಿ, ಅಷ್ಟು ಹೊತ್ತು ಬಾಗಿಲ ಬಳಿ ಮುದುಡಿ ಕೂತಿದ್ದವಳು, ಅತ್ತಿಗೆಯ ಕಾಲು ಹಿಡಿಯಲು ಬಂದಳು. ಅತ್ತಿಗೆ ತಡೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮುದುಕಿ ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದಳು. ಇದಕ್ಕೆ ಮೊದಲು ಒಂದು ಗಂಡುಮಗು ಇತ್ತಂತೆ. ಸಂಕ್ರಾಂತಿಯ ದಿನ ಆಡುತ್ತ ಆಡುತ್ತ ಹೀಗೆಯೇ ಮುಖವೆಲ್ಲ ಊದಿ ಹೋಯಿತಂತೆ. "ಗಾಳಿ ಸೋಕ್ತು ಅಂದ್ಕಂಡ್ವಿ ತಾಯೀ. ಹುಣಿಸೆ ಮರದ್ದು ಅಂದ್ರು. ಮರಾನೂ ಕಡಿಸಿದ್ವಿ" ಎಂದಳು.

ಅತ್ತಿಗೆ ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಎಳ್ಳಿನ ವಿಷಯವನ್ನು ಮಗುವಿನ ತಾಯಿಗೆ ಬಿಡಿಸಿ ಬಿಡಿಸಿ ಹೇಳಿದಳು. ಯಾರ ಮನೆಗೆ ಹೋದರೂ ಕೇಳು, ಸೊಕ್ಕು ಅಂದರೂ ಕೇಳು ಎಂದಳು. ಸತ್ತ ಮಗುವಿನ ಬಗ್ಗೆ ಮುದುಕಿಯೊಂದಿಗೆ ಏನೂ ಹೇಳಲಿಲ್ಲ. ನನ್ನ ಮನೆಗೆ ನಡೆದು ಬರುವಾಗ ದಾರಿಯಲ್ಲಿ ನಿಂತಳು.

"ಲೇ ವಿಮಲಾ, ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ ಅಂದ್ರಲ್ಲ ಆ ಡಾಕ್ಟರಮ್ಮ. ಇರ್ಬೋದು, ಸುಳ್ಳಲ್ಲ. ನಮ್ಮ ಜನ ತಿಂದು ಅರಗಿಸ್ಕಂತಾರೆ, ನಾನೇ ನೋಡ್ತಿಲ್ವಾ. ಆದ್ರೆ ಆ ಗಂಡುಮಗೀನ ಯಾರು ಎಣಿಸಿದ್ರು? ಅದು ಗಾಳಿ ಲೆಕ್ಕಕ್ಕೆ ಹೋಯ್ತು. ನಾನೂ ಅವತ್ತು ಹೋಗಿದ್ರೆ ಹುಳದ ಲೆಕ್ಕಕ್ಕೆ ಹೋಗ್ತಿದ್ದೆ."

ಇಂದಿಗೂ ಪತ್ರಿಕೆಯಲ್ಲಿ ಯಾವುದಾದರೂ ಕಾಯಿಲೆ ಇಂಥ ದೇಶದಲ್ಲಿ ಹೆಚ್ಚು, ಇಂಥ ದೇಶದಲ್ಲಿ ಅಪರೂಪ ಎಂದು ಓದಿದಾಗ, ಅಪರೂಪ ಎಂಬ ಮಾತಿನ ಹತ್ತಿರ ಬಂದು ನನ್ನ ಕಣ್ಣು ನಿಲ್ಲುತ್ತದೆ.

ನಾನು ಅತ್ತಿಗೆಯನ್ನು ಕೊನೆಯ ಸಲ ನೋಡಿದ್ದು ಇದಾದ ಮುಂದಿನ ಬೇಸಿಗೆಯಲ್ಲಿ. ಅಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನನಗೆ ಪರೀಕ್ಷೆ ಕೆಲಸವಿತ್ತು. ಅತ್ತಿಗೆ ತಾನಾಗಿ ಬಂದು, ತಿಂಗಳುಗಟ್ಟಲೆ ಇದ್ದು ಅಮ್ಮನ ಸ್ನಾನ, ಊಟ ಎಲ್ಲ ನೋಡಿಕೊಂಡಳು. ಅಮ್ಮನ ಹಲ್ಲು ಬಿದ್ದಿದ್ದವು, ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲ. ಏನು ಬೇಕು ಅತ್ತೆ, ಏನು ಮಾಡಿಕೊಡಲಿ ಎಂದು ಇವಳು ಕೇಳುವಳು. ಏನೂ ಬೇಡ ಎಂದು ಅವಳು ಮುಖ ತಿರುಗಿಸುವಳು. ಬಹಳ ದಿನ ಕಾಡಿಸಿದ ಮೇಲೆ ಅಮ್ಮ ಬಾಯಿಬಿಟ್ಟಳು. ಹುರಿದ ಬೀಜ ಕುಟ್ಟಿ ಬೆಲ್ಲ ಕಲಸಿದ್ದು ಬೇಕು. ಹೇಳಿದವಳೇ, ಬೇಡಮ್ಮ, ನೀನು ಹೋದ ಮೇಲೆ ತಿಂತೀನಿ ಎಂದಳು.

ನಾನು ಶಾಲೆಯಿಂದ ಬಂದಾಗ ಕಂಡದ್ದು ಹೀಗೆ. ಪಕ್ಕದ ಮನೆಯಾಕೆ ತನ್ನ ಮನೆಯಲ್ಲೇ ಕುಟ್ಟಿ ತಂದು ಅಮ್ಮನ ಮಂಚದ ಹತ್ತಿರ ಕೂತು ಬೆರಳಲ್ಲಿ ತಿನ್ನಿಸುತ್ತಿದ್ದಳು. ಅತ್ತಿಗೆ ಹೊರಗೆ, ಗಾಳಿ ಬರುವ ಕಡೆ, ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಅಲ್ಲಿಂದಲೇ ಕಿಟಕಿಯ ಕಡೆಗೆ ಜೋರಾಗಿ ಮಾತಾಡುತ್ತಿದ್ದಳು. ಬೆಲ್ಲ ಸಾಕಾ ಅತ್ತೆ, ಬೀಜ ಹದವಾಗಿ ಹುರಿದಿದೆಯಾ, ಸೀದಿಲ್ಲ ತಾನೆ ಎಂದು ವಿಚಾರಿಸುತ್ತಿದ್ದಳು. ಆ ಸಿಹಿಯನ್ನು ಅವಳು ಜನ್ಮದಲ್ಲಿ ತಿಂದವಳಲ್ಲ. ಒಳಗಿನಿಂದ ಅಮ್ಮ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಆಮೇಲೆ ಪಕ್ಕದಾಕೆಯ ಕೈಯಲ್ಲಿ ನೀರು ತರಿಸಿ ಬಾಯಿ ಮುಕ್ಕಳಿಸಿ, ಕೈ ಸೋಪು ಹಚ್ಚಿ ತೊಳೆಸಿಕೊಂಡು, ಹೊದಿಕೆ ಬದಲಾಯಿಸಿಕೊಂಡು, ಕಿಟಕಿಯ ಕಡೆ ತಿರುಗಿ ಕರೆದಳು: "ಆಯ್ತು ಕಣಮ್ಮ, ತೊಳ್ಕಂಡಿವ್ನಿ. ಒಳಗೆ ಬಾ."

ಮುಂದಿನ ವಾರ ಅತ್ತಿಗೆ ಹಿಂದೂಪುರಕ್ಕೆ ಹೋದಳು. ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಕಾಯಿಲೆ ಬೇಗ ಬೇಗ ಏರಿತು. ಅಣ್ಣನ ಫೋನು ಬಂದು ನಾನು ಹೊರಟು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ನೇಯದೆ, ಸುಮ್ಮನೆ ಕೂತಿದ್ದ.

ಅಮ್ಮನಿಗೆ ಹೇಳಿದೆವು. ಅವತ್ತು ಅವಳು ಅತ್ತಳು ಕೂಡ. ಆದರೆ ಆ ಹೊತ್ತಿಗೆ ಅವಳ ನೆನಪು ಸಡಿಲವಾಗತೊಡಗಿತ್ತು. ಪಕ್ಕದಾಕೆ ಆಗೊಮ್ಮೆ ಈಗೊಮ್ಮೆ ಬೀಜ ಬೆಲ್ಲ ಕಲಸಿಕೊಂಡು ಬರುತ್ತಿದ್ದಳು. ಅಮ್ಮ ತಿಂದು, ಬಾಯಿ ಮುಕ್ಕಳಿಸಿ, ಸೋಪು ಕೇಳಿ ಕೈ ತೊಳೆಸಿಕೊಂಡು, ಕಿಟಕಿಯ ಕಡೆ ತಿರುಗಿ ಒಳಗೆ ಬಾರಮ್ಮ ಎಂದು ಕರೆಯುತ್ತಿದ್ದಳು. ಮೊದಮೊದಲು ನಾನು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಅವಳು ಕರೆದಾಗಲೆಲ್ಲ ಹೊರಗಿನಿಂದ ನಾನೇ ಒಳಗೆ ಹೋಗಿ ಮಂಚದ ಹತ್ತಿರ ಕೂರುತ್ತಿದ್ದೆ.